ಹಮಾಲ ಹುಲಿಗೆಪ್ಪನ ಕಿವಿ

ಕೊಪ್ಪಳ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹತ್ತಿಯ ಬಿಗಿದ ಮೂಟೆ, ಬೇಲು, ಏರಿಸುವ ಹಮಾಲರಲ್ಲಿ ತಳಕಲ್ಲಿನ ಹುಲಿಗೆಪ್ಪ ಒಬ್ಬ. ಒಂದು ಬೇಲಿಗೆ ನಾಲ್ಕು ಜನ ಬೇಕು. ಬೇಲನ್ನು ದಪ್ಪ ಬಿದಿರಿಗೆ ಹಗ್ಗದಿಂದ ತೂಗುಬಿಟ್ಟು, ಮುಂದೆ ಇಬ್ಬರು, ಹಿಂದೆ ಇಬ್ಬರು ಹೆಗಲು ಕೊಟ್ಟು, ಹಲಗೆಯ ಮೇಲೆ ನಡೆದು ರೈಲುಗಾಡಿಯ ಡಬ್ಬಿಯೊಳಗೆ ಇಳಿಸಬೇಕು. ಎಲ್ಲರಿಗಿಂತ ಮುಂದೆ ಗುಂಪಿನ ಮುಖ್ಯಸ್ಥ, ಮುಕದ್ದಮ ವಿರುಪಣ್ಣ. ‘ಎತ್ರಿ’, ‘ನಡೀರಿ’, ‘ನಿಲ್ರಿ’ ಎಂದು ಅವನು ಕೂಗಿದಂತೆ ನಾಲ್ಕು ಜೋಡಿ ಕಾಲು ಏಳುತ್ತಿದ್ದವು, ನಿಲ್ಲುತ್ತಿದ್ದವು. ಅವನ ಬೆನ್ನಿಗೆ ಇಟಗಿಯ ಪಕ್ಕೀರಪ್ಪ. ಬೇಲಿನ ಹಿಂದೆ ಹುಲಿಗೆಪ್ಪ, ಅವನ ಹಿಂದೆ ಇನ್ನೊಬ್ಬ.

ಸಾವಿರದ ಒಂಬೈನೂರ ಮೂವತ್ತೇಳರ ಮಳೆಗಾಲದಲ್ಲಿ ಬಂದ ಜ್ವರ ಹುಲಿಗೆಪ್ಪನ ಎರಡೂ ಕಿವಿಗಳನ್ನು ಒಯ್ದಿತ್ತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆಗಲಿಗೆ ಹೆಗಲು ಕೊಡುವವರು ಯಾರು? ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಕಲಿತ. ಕೆಲಸದಲ್ಲಿ ಪಕ್ಕೀರಪ್ಪನ ಬೆನ್ನಿನ ಮೇಲೆ ಕಣ್ಣಿಟ್ಟ. ಆ ಬೆನ್ನು ನಿಂತರೆ ತಾನೂ ನಿಂತ, ನಡೆದರೆ ತಾನೂ ನಡೆದ. ಹೀಗೆ ಎರಡು ಸುಗ್ಗಿ ದಾಟಿದವು.

ಮೂವತ್ತೊಂಬತ್ತರ ಬೇಸಿಗೆಯ ಒಂದು ಮಧ್ಯಾಹ್ನ, ಡಬ್ಬಿಯ ಬಾಗಿಲಲ್ಲಿ ಹಲಗೆ ಸ್ವಲ್ಪ ಜರುಗಿತು. ವಿರುಪಣ್ಣ ‘ನಿಲ್ರಿ’ ಎಂದು ಕೂಗಿದ. ಮೂವರು ನಿಂತರು. ಹುಲಿಗೆಪ್ಪ ಅದೇ ಗಳಿಗೆಯಲ್ಲಿ ತನ್ನ ಕಾಲ ಕೆಳಗಿನ ಹಲಗೆ ನೋಡುತ್ತಿದ್ದ. ಅವನು ಇನ್ನೊಂದು ಹೆಜ್ಜೆ ಇಟ್ಟ. ಬಿದಿರು ಮುಂದಿನವರನ್ನು ದೂಡಿತು. ಪಕ್ಕೀರಪ್ಪನ ಪಾದ ಹಲಗೆಗೂ ಡಬ್ಬಿಗೂ ನಡುವಿನ ಸಂದಿಗೆ ಇಳಿಯಿತು. ಬೇಲು ಅದರ ಮೇಲೆ ಕೂತಿತು.

ಚಕ್ಕಡಿಯಲ್ಲಿ ಅವನನ್ನು ದವಾಖಾನೆಗೆ ಒಯ್ದರು. ಎಲ್ಲರೂ ಹಲಗೆಯನ್ನು ಬೈದರು. ಹುಲಿಗೆಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಐದನೆಯ ದಿನ ಹಮಾಲರೆಲ್ಲ ಸೇರಿದ್ದಾಗ ಅವನೇ ಎದ್ದು ನಿಂತ.

“ಹಲಗಿದು ತಪ್ಪಲ್ರಿ. ನಂದು. ನನಗ ಕಿವಿ ಕೇಳಂಗಿಲ್ಲ, ಎರಡು ವರ್ಷ ಆತು.”

ವಿರುಪಣ್ಣ ಅವನ ಎದುರಿಗೆ ಬಂದ. “ಮೊದಲ ಯಾಕ ಹೇಳಲಿಲ್ಲಲೇ?”

“ಹೇಳಿದ್ರ ಇಟಗೊಂತಿದ್ರೇನಣ್ಣಾ?”

ವಿರುಪಣ್ಣ ಉಳಿದವರ ಕಡೆ ತಿರುಗಿದ. ಎಲ್ಲರೂ ಮಾತಾಡತೊಡಗಿದರು, ಮುಖ ಆ ಕಡೆ ಮಾಡಿಕೊಂಡು. ಬೈಗುಳವೋ ಮರುಕವೋ ಹುಲಿಗೆಪ್ಪನಿಗೆ ತಿಳಿಯಲಿಲ್ಲ.

ಮರುದಿನದಿಂದ ಅವನಿಗೆ ಶೆಡ್ಡಿನ ಮೂಲೆಯಲ್ಲಿ ಹರಿದ ಗೋಣಿಚೀಲ ಹೊಲಿಯುವ, ಹಗ್ಗ ಹೊಸೆಯುವ ಕೆಲಸ. ಹೊಸೆದ ಪ್ರತಿ ಹಗ್ಗಕ್ಕೂ ತಾನೇ ಜೋತುಬಿದ್ದು ನೋಡಿ ಕೊಡುತ್ತಿದ್ದ. ಹಲಗೆ ಜರುಗದಂತೆ ಅದರ ತುದಿಗೆ ಕಬ್ಬಿಣದ ಕೊಂಡಿ ಹಾಕಿಸಿದ. ಒಂದು ದಿನ ವಿರುಪಣ್ಣನನ್ನು ಕರೆದು, ಬಿದಿರಿನ ತುದಿಯನ್ನು ಅವನ ಹೆಗಲ ಮೇಲಿಟ್ಟು ಇನ್ನೊಂದು ತುದಿಗೆ ಕೈಯಿಂದ ಬಡಿದ.

“ಗೊತ್ತಾತೇನಣ್ಣಾ? ರೈಲಿನ ಸಪ್ಪಳದಾಗ ನಿನ್ನ ಕೂಗು ಯಾರಿಗೂ ಕೇಳಂಗಿಲ್ಲ. ಹೆಗಲಿಗೆ ಕೇಳತೈತಿ. ಒಮ್ಮಿ ಬಡದ್ರ ನಡೀಬೇಕು, ಎರಡು ಸಲ ಬಡದ್ರ ನಿಲ್ಲಬೇಕು.”

ವಿರುಪಣ್ಣ ಹಾಗೆಯೇ ಮಾಡಿಸಿದ. ಆದರೆ “ಇನ್ನ ಬಾ, ಹೆಗಲ ಕೊಡು” ಎಂದು ಹುಲಿಗೆಪ್ಪನನ್ನು ಯಾರೂ ಕರೆಯಲಿಲ್ಲ. ಅವನೂ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಲಿಗೆಪ್ಪ ಇಟಗಿಗೆ ನಡೆದುಕೊಂಡು ಹೋದ. ಪಕ್ಕೀರಪ್ಪ ಕಟ್ಟೆಯ ಮೇಲೆ ಮಲಗಿದ್ದ. ಪಾದ ಒಳಕ್ಕೆ ತಿರುಚಿಕೊಂಡಿತ್ತು. ಬಂದವನನ್ನು ಕಂಡು ಗೋಡೆಯ ಕಡೆ ಹೊರಳಿ ಏನೋ ಹೇಳಿದ. ಹುಲಿಗೆಪ್ಪ ಅವನ ಹೆಂಡತಿ ಹೊಳಿಯಮ್ಮನ ಮುಖ ನೋಡಿದ.

“ಏನಂದ ತಂಗೀ?”

ಅವಳು ನಿಧಾನವಾಗಿ ತುಟಿ ಅಲ್ಲಾಡಿಸಿದಳು. “ಉಂಡು ಹೋಗಂತ ಹೇಳು ಅಂದ್ರು, ಅಣ್ಣಾ. ಇನ್ನೊಮ್ಮಿ ಬರಬ್ಯಾಡ ಅಂದ್ರು.”

ಅವಳು ಬಡಿಸಿದ ರೊಟ್ಟಿ, ಪುಂಡಿಪಲ್ಲೆಯನ್ನು ಹುಲಿಗೆಪ್ಪ ಕೊನೆಯ ತುತ್ತಿನವರೆಗೂ ಉಂಡ. ತಂಬಿಗೆ ತೊಳೆದಿಟ್ಟು, ಪಕ್ಕೀರಪ್ಪನ ಆ ಬೆನ್ನಿಗೆ ಕೈಮುಗಿದು ಹೊರಟ.

ವರ್ಷಗಳು ಹೋದವು. ಉಳಿದ ಗುಂಪುಗಳೂ ಬಿದಿರು ಬಡಿಯುವುದನ್ನು ಕಲಿತವು. ವಿರುಪಣ್ಣ ವಯಸ್ಸಾಗಿ ಊರಿಗೆ ಹೋದ ಮೇಲೆ ಅದನ್ನು ಹೇಳಿಕೊಟ್ಟವನು ಯಾರೆಂದು ತಿಳಿದವರು ಉಳಿಯಲಿಲ್ಲ. ನಲವತ್ತಾರರಲ್ಲಿ ಸೇರಿದ ಹೊಸ ಹಮಾಲರು, ಕರೆದರೂ ತಿರುಗಿ ನೋಡದೆ ಮೂಲೆಯಲ್ಲಿ ತಲೆ ತಗ್ಗಿಸಿ ಹಗ್ಗ ಹೊಸೆಯುವ ಆ ಮನುಷ್ಯ ಹುಟ್ಟುಮೂಕನೆಂದೇ ತಿಳಿದಿದ್ದರು.