ಕತ್ತರಿ ಮತ್ತು ಕಡಲ ಪಿಚಕಾರಿ

ಗುರವ ಮೇಡಂ ಅವರ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದಿದ್ದರೂ ನಡೆಯುತ್ತಿತ್ತು, ಸಣ್ಣ ಕತ್ತರಿಯೊಂದು ಇರಲೇಬೇಕು. ಖಾನಾಪುರದ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಒಂದನ್ನು ಸೀಳಿ ಹುಳ ಹುಡುಕುತ್ತಿದ್ದರು. "ಬಾಯಾರ, ಎಲ್ಲಾ ಕೊಯ್ದ ಇಟ್ರ ನಾ ಯಾರಿಗೆ ಮಾರ್ಲಿ?" ಎಂದು ಮಾರುವವಳು ರೇಗಿದರೆ, ಸೀಳಿದ್ದನ್ನೂ ತಾವೇ ತಕ್ಕಡಿಗೆ ಹಾಕುತ್ತಿದ್ದರು.

ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಯಾರಾದರೂ ಪ್ರಾಣಿಯ ಹೆಸರನ್ನು ಥಟ್ಟನೆ ಹೇಳಿಬಿಟ್ಟರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಕೊಯ್ದ ನೋಡೀಯೇನ?" ಎನ್ನುತ್ತಿದ್ದರು. ಅಲ್ಲಿಗೆ ನಮ್ಮ ಜಾಣತನ ಮುಗಿಯುತ್ತಿತ್ತು.

ವಿಭಾಗದ ಹಿಂದಿನ ಕೋಣೆಯ ತುಂಬ ಗಾಜಿನ ಜಾಡಿಗಳು. ಒಂದು ಜಾಡಿ ಕ್ಯಾಂಪಿನಲ್ಲಿದ್ದ ಬ್ರಿಟಿಷರ ಕಾಲದ ಹಳೆಯ ಬಂಗಲೆ ಖಾಲಿಯಾದಾಗ ಬಂದದ್ದು. ಅದರೊಳಗೆ ಉದ್ದ ದಂಟು, ದಂಟಿನ ತುದಿಗೆ ಬಟಾಟೆಯಂಥ ದೇಹ. ಕಲ್ಲಿಗೆ ಅಂಟಿಕೊಂಡು, ಒಂದು ಬಾಯಿಂದ ನೀರೆಳೆದು ಇನ್ನೊಂದರಿಂದ ಚಿಮ್ಮಿಸುವ ಪ್ರಾಣಿ ಅದು. ಮೇಡಂ ಅದನ್ನು ಕಡಲ ಪಿಚಕಾರಿ ಎಂದು ಕರೆಯುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಪ್ರಾಂಶುಪಾಲರು ಆ ಕೋಣೆ ತೆರವು ಮಾಡಿಸಿ ಕಂಪ್ಯೂಟರ್ ಇಡಲು ಹೊರಟರು.

"ಅಪರೂಪದ್ದು ಏನರ ಐತೇನ್ರಿ ಇಲ್ಲಿ?"

"ಐತ್ರಿ ಸರ್. ಈ ಪಿಚಕಾರಿ ನಮ್ಮ ಕಡಲಿಂದಲ್ಲ, ಉತ್ತರದ ಥಂಡಿ ಸಮುದ್ರದ್ದು. ಬೋಲ್ಟೀನಿಯಾ ಅಂತಾರ ಇದಕ್ಕ."

ಮೇಡಂ ಮಾತು ಖರೆಯಾದರೆ ಕೋಣೆ ಉಳಿಯುತ್ತದೆ ಎಂದು ಮಾತಾಯಿತು. ಕರಾವಳಿಯಿಂದ ಬಂದ ತಜ್ಞರು ಜಾಡಿಯನ್ನು ಬೆಳಕಿಗೆ ಹಿಡಿದು, "ಇದು ಸ್ಟೈಯೆಲಾ ಮೇಡಂ. ಅದಕ್ಕೂ ದಂಟು ಇರುತ್ತೆ. ಬಂದರುಗಳಲ್ಲಿ ಬೇಕಾದಷ್ಟು ಸಿಗುತ್ತೆ" ಎಂದರು.

"ಕೊಯ್ದ ನೋಡೀರೇನ್ರಿ?"

ಇದ್ದದ್ದು ಒಂದೇ ಪ್ರಾಣಿ. ಮೇಡಂ ಸೋತರೆ ಪಿಚಕಾರಿಯೂ ಹೋಯಿತು, ಕೋಣೆಯೂ ಹೋಯಿತು. ಅವರು ಮಾತ್ರ ಬದನೆಕಾಯಿ ಸೀಳಿದಷ್ಟೇ ಸಲೀಸಾಗಿ ಅದರ ಬಾಯಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ತಾವು ನೋಡದೆ ಪಕ್ಕಕ್ಕೆ ಸರಿದರು.

"ನೀವ ನೋಡ್ರಿ. ಬಾಯಿ ಒಳಗ ಸುತ್ತಲೂ ಎಳಿ ಅದಾವಲ್ಲ? ಸ್ಟೈಯೆಲಾಕ್ಕ ಸಾದಾ ಎಳಿ ಇರ್ತಾವ. ಇದಕ್ಕ ಟಿಸಿಲ ಒಡದಿರಬೇಕು."

ತಜ್ಞರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಳೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ಕೈಮುಗಿದರು. "ಟಿಸಿಲೊಡೆದಿವೆ. ಇಂಥ ದಂಟು, ಇಂಥ ಎಳೆ, ಇದು ಬೋಲ್ಟೀನಿಯಾನೇ. ನೀವು ಗೆದ್ದಿರಿ ಮೇಡಂ."

ನಾವು ಡೆಸ್ಕು ಬಡಿದು ಕೂಗಿದ್ದು ಕಾಲೇಜಿನ ಗೇಟಿನವರೆಗೂ ಕೇಳಿಸಿತಂತೆ. ಪ್ರಾಂಶುಪಾಲರೇ ಎಲ್ಲರಿಗೂ ಕುಂದಾ ತರಿಸಿದರು. ಆ ದಿನದಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಗೆಲುವಿನಲ್ಲೂ ಆಗಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು, ಬಹಳ ವರ್ಷಗಳ ಮೇಲೆ, ನೆಹರು ನಗರದ ಆಸ್ಪತ್ರೆಯಲ್ಲಿ. ಹೊಟ್ಟೆಯಲ್ಲಿ ಗಂಟು. ಎಳೆಯ ಡಾಕ್ಟರೊಬ್ಬರು ಧೈರ್ಯ ಹೇಳಲು, "ಅಂಜಬ್ಯಾಡ್ರಿ ಅಜ್ಜಿ, ಸಾದಾ ಗಂಟ ಐತಿ" ಎಂದರು. ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿದರು. ನಾನು ಆಗಲೇ ನಗತೊಡಗಿದ್ದೆ.

"ಕೊಯ್ದ ನೋಡೀಯೇನೋ ತಮ್ಮಾ?"

ಕೊಯ್ದು ನೋಡಿದರು. ಸಾದಾ ಗಂಟಾಗಿರಲಿಲ್ಲ.

ಆ ಕೋಣೆಯ ಕೀಲಿ ಈಗ ನನ್ನ ಬಳಿ ಇದೆ. ಪಿಚಕಾರಿ ತನ್ನ ಸೀಳಿದ ಬಾಯನ್ನು ಮುಂದೆ ಮಾಡಿಕೊಂಡು ಅದೇ ಜಾಡಿಯಲ್ಲಿದೆ. ಪ್ರತಿ ವರ್ಷ ಹೊಸ ಮಕ್ಕಳಿಗೆ ಅದನ್ನು ತೋರಿಸಿ, ಇದು ಯಾವ ಪ್ರಾಣಿ ಎಂದು ಕೇಳುತ್ತೇನೆ. ಯಾರೋ ಒಬ್ಬರು ಥಟ್ಟನೆ ಹೆಸರು ಹೇಳುತ್ತಾರೆ. ನನ್ನ ಕೈ ತಾನಾಗಿ ಕನ್ನಡಕಕ್ಕೆ ಹೋಗುತ್ತದೆ.