ಕಷ್ಟದ ಬದಲು ಕಂಡದ್ದನ್ನು ಓದಿದವರು

ವಿದ್ಯಾರ್ಥಿವೇತನವನ್ನು ಕೊಟ್ಟವರು ಯಾರು, ಪಡೆದವರು ಯಾರು ಎಂಬಷ್ಟನ್ನೇ ಕೇಳುತ್ತಿದ್ದ ಕಾಲದಲ್ಲಿ, ಪಡೆದವರು ಅದರಿಂದ ಏನನ್ನು ಕಂಡರು ಎಂಬ ಮೂರನೆಯ ಪ್ರಶ್ನೆಯನ್ನು ನಮ್ಮ ವಿಶ್ವವಿದ್ಯಾಲಯಕ್ಕೆ ಕಲಿಸಿಕೊಟ್ಟವರು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ದಾನಿ ವಿದ್ಯಾರ್ಥಿವೇತನ ವಿಭಾಗದ ಅಧೀಕ್ಷಕಿಯವರು. ಎದುರಿಗೆ ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಬೆನ್ನ ಹಿಂದೆ ವಿದ್ಯಾರ್ಥಿಗಳು ಕರೆಯುವುದು ಮೈಕಮ್ಮ ಎಂದು. ಆ ಹೆಸರು ಅವರಿಗೆ ಒಂದೇ ಮಧ್ಯಾಹ್ನದಲ್ಲಿ ದಕ್ಕಿತು. ಅದನ್ನು ನೆನೆದರೆ ಈಗಲೂ ಈ ಕಚೇರಿಯವರಿಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ಮೂವತ್ತೆರಡು ವರ್ಷಗಳ ಹಿಂದೆ ಗುಮಾಸ್ತೆಯಾಗಿ ಸೇರಿದಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ ಮತ್ತು ಒಂದು ಕಾಲು ಗಿಡ್ಡವಾದ ಮೇಜು. ಫೋಟೋ ಅಂಟಿಸದೆ ಅರ್ಜಿ ತಂದವರನ್ನು ಸಾಲಿನಿಂದ ಅಟ್ಟುವುದು ಅಂದಿನ ಪದ್ಧತಿ. ಇವರು ಮಾತ್ರ, "ಫೋಟೋ ನಾಳೆ ತಾ, ಸಾಲಲ್ಲಿ ಇವತ್ತೇ ನಿಂತಾಯ್ತಲ್ಲ" ಎಂದು ಅರ್ಜಿ ತೆಗೆದಿಟ್ಟುಕೊಳ್ಳುತ್ತಿದ್ದರು. ಕೊನೆಯ ದಿನದಂದು ಅವರ ಗಡಿಯಾರದಲ್ಲಿ ಐದು ಗಂಟೆಯಾಗುತ್ತಿದ್ದುದು, ಏದುಸಿರು ಬಿಡುತ್ತ ಓಡಿಬಂದ ಕೊನೆಯ ಅರ್ಜಿದಾರರು ಸಹಿ ಹಾಕಿದ ಮೇಲೆಯೇ. ಸುಳ್ಳು ಪ್ರಮಾಣಪತ್ರ ತಂದವರಿಗೆ ಮಾತ್ರ ಅವರು ಸಿಂಹಸ್ವಪ್ನ.

ಅವರ ಸೇವೆಯ ಎಂಟನೆಯ ವರ್ಷದ ಮಾತು. ವಿದ್ಯಾರ್ಥಿವೇತನ ವಿತರಣೆಯ ದಿನ ದೊಡ್ಡ ಸಭಾಂಗಣದಲ್ಲಿ ದಾನಿಗಳು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು ನಿಲ್ಲಿಸಿ, ಅವನ ಮನೆಯ ಕಷ್ಟವನ್ನು ಮೈಕಿನಲ್ಲಿ ಓದಿ, ಆಮೇಲೆ ಲಕೋಟೆ ಕೊಡುವುದು ವಾಡಿಕೆ. ದಾನಿಗಳ ಮನಸ್ಸು ಕರಗಲಿ ಎಂಬುದು ಮೇಲಿನವರ ಲೆಕ್ಕಾಚಾರ. ಕರಗುತ್ತಿತ್ತು ನಿಜ, ವೇದಿಕೆಯ ಮೇಲೆ ನಿಂತವರು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದುದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಆ ವರ್ಷ ಓದುವ ಕೆಲಸ ಮೇಡಂ ಪಾಲಿಗೆ ಬಂತು.

ಸಮಾರಂಭಕ್ಕೆ ಮೂರು ದಿನವಿರುವಾಗ ಸಸ್ಯಶಾಸ್ತ್ರದ ಒಬ್ಬ ಹುಡುಗಿ ಮೆಟ್ಟಿಲ ಕೆಳಗಿನ ಕೋಣೆಗೆ ಬಂದಳು. ವೇತನ ಬೇಡವೆಂದು ಬರೆದ ಪತ್ರ ಅವಳ ಕೈಯಲ್ಲಿತ್ತು. ವೇತನವಿಲ್ಲದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

"ನಮ್ಮಪ್ಪಂದು ಕ್ಷೌರದ ಅಂಗಡಿ, ಮೇಡಂ. ಕೈ ನಡುಗುತ್ತೆ. ಅರ್ಜೀಲಿ ನಿಜಾನೇ ಬರೆದಿದ್ದೆ. ರೇಜರ್ ಮುಟ್ಟೋದು ಬಿಟ್ಟಿದ್ದಾರೆ, ಬರೀ ಮಷೀನಲ್ಲಿ ಕೂದಲು ತೆಗೀತಾರೆ. ಆದ್ರೂ ಅದನ್ನ ಮೈಕಲ್ಲಿ ಹೇಳಿದ್ರೆ ನಾಳೆಯಿಂದ ಅವರ ಕುರ್ಚೀಲಿ ಯಾರು ಕೂರ್ತಾರೆ? ಸಭೇಲಿ ಅರ್ಧ ಜನ ಅವರ ಗಿರಾಕಿಗಳೇ."

ಮೇಡಂ ಪತ್ರವನ್ನು ಓದಲಿಲ್ಲ. "ಈ ವರ್ಷ ನೀನು ಏನು ನೋಡಿದೆ?" ಎಂದು ಕೇಳಿದರು.

ಹುಡುಗಿಗೆ ಅರ್ಥವಾಗಲಿಲ್ಲ. "ಪರೀಕ್ಷೇಲಿ ಎಷ್ಟು ಬಂತು ಅಂತಲ್ಲಮ್ಮ. ನಿನ್ನ ಕಣ್ಣಾರೆ ನೀನು ನೋಡಿದ್ದು" ಎಂದು ಮೇಡಂ ಬಿಡಿಸಿ ಹೇಳಿದರು.

ಮೊದಲು ತಡವರಿಸಿದವಳು, ಬಸ್ ನಿಲ್ದಾಣದ ಮರದ ಎಲೆಗಳ ವಿಷಯಕ್ಕೆ ಬಂದೊಡನೆ ನಿಲ್ಲಿಸಲೇ ಇಲ್ಲ. ಮೇಡಂ ಅದನ್ನು ಬರೆದುಕೊಂಡರು. ಆದರೆ ಒಬ್ಬಳದನ್ನು ಮಾತ್ರ ಬದಲಿಸಿದರೆ ಎಲ್ಲರ ಕಣ್ಣೂ ಅವಳ ಮೇಲೆಯೇ ಬೀಳುತ್ತದೆಂದು ಅವರಿಗೆ ಹೊಳೆಯಿತು. ಸರಿ, ಉಳಿದ ನಲವತ್ತೆರಡು ಮಂದಿಯ ಬೆನ್ನು ಹತ್ತಿದರು. ಪಾಸಾದರೆ ಸಾಕು ಎಂದುಕೊಂಡಿದ್ದವರೆಲ್ಲ ತಾವು ನೋಡಿದ್ದೇನೆಂದು ಹುಡುಕಲು ಪ್ರಯೋಗಾಲಯಕ್ಕೂ ಗ್ರಂಥಾಲಯಕ್ಕೂ ಓಡಿದರು. ಕುಲಸಚಿವರಿಗೆ ಇದರ ಸುಳಿವೇ ಇರಲಿಲ್ಲ.

ಸಮಾರಂಭದ ಮಧ್ಯಾಹ್ನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕುಳಿತದ್ದನ್ನು ಹುಡುಗಿ ನೋಡಿದಳು. ಮೊದಲ ಮೂವರು ಕಂಡದ್ದನ್ನು ಮೇಡಂ ಓದಿದರು. ಎಲ್ಲರಿಗಿಂತ ದೊಡ್ಡ ದಾನಿಯಾದ ಮರದ ಡಿಪೋದ ಯಜಮಾನರು ಎದ್ದು ನಿಂತರು.

"ಒಂದ್ನಿಮಿಷ. ಇವರ ಕಷ್ಟ ಏನು ಅಂತ ಹೇಳ್ಲೇ ಇಲ್ವಲ್ಲ?"

ಕುಲಸಚಿವರ ಮುಖ ಹರಳೆಣ್ಣೆ ಕುಡಿದಂತಾಯಿತು.

"ಅದು ಅರ್ಜೀಲಿದೆ ಸರ್, ಸಮಿತಿಯವರು ನೋಡಿ ಒಪ್ಪಿದ್ದಾರೆ. ನೀವು ಕೊಟ್ಟಿದ್ದು ಓದೋಕೆ. ಅದಕ್ಕೇ ಓದಿನ ವಿಷಯ ಹೇಳ್ತಿದ್ದೀನಿ" ಎಂದ ಮೇಡಂ, ಯಜಮಾನರು ಕೂರುವ ಮೊದಲೇ ಮುಂದಿನ ಹೆಸರು ಕರೆದರು. ಅದು ಈ ಹುಡುಗಿಯದು.

ಬಸ್ ನಿಲ್ದಾಣದ ಮರದ ಎಲೆಗಳಲ್ಲಿ ಉಸಿರಾಟದ ರಂಧ್ರಗಳು ಧೂಳಿನಿಂದ ಮುಚ್ಚಿಹೋಗಿವೆ, ಹಾಸ್ಟೆಲಿನ ಹಿತ್ತಲಿನ ಅದೇ ಜಾತಿಯ ಮರದಲ್ಲಿ ತೆರೆದಿವೆ ಎಂದು ಮೇಡಂ ಓದಿದರು. ಯಜಮಾನರು ಇನ್ನೂ ನಿಂತೇ ಇದ್ದರು.

"ಅಷ್ಟು ಸಣ್ಣ ತೂತು ನಿನಗೆ ಹೇಗಮ್ಮ ಕಾಣ್ತು?"

ಹುಡುಗಿ ಮೈಕಿನ ಹತ್ತಿರ ಬಂದಳು. "ಉಗುರಿಗೆ ಹಚ್ಚೋ ಪಾಲಿಶ್ ಇದೆಯಲ್ಲ ಸರ್, ಬಣ್ಣ ಇಲ್ಲದ್ದು. ಅದನ್ನ ಎಲೆಯ ಕೆಳಗಡೆ ಹಚ್ಚಬೇಕು. ಒಣಗಿದ ಮೇಲೆ ಟೇಪ್ ಅಂಟಿಸಿ ಎಬ್ಬಿಸಿದ್ರೆ ಎಲೆಯ ಅಚ್ಚು ಬರುತ್ತೆ. ಸೂಕ್ಷ್ಮದರ್ಶಕದಲ್ಲಿಟ್ಟು ನೋಡೋದು."

"ನಲವತ್ತು ವರ್ಷದಿಂದ ಮರ ಕೊಯ್ತಿದ್ದೀನಿ, ಒಂದು ಎಲೆ ತಿರುಗಿಸಿ ನೋಡಿಲ್ಲ" ಎಂದು ಯಜಮಾನರು ಕುಳಿತರು. ಕುಳಿತವರು ಪಕ್ಕದ ದಾನಿಯ ಕಿವಿಯಲ್ಲಿ ಅದನ್ನೇ ಮತ್ತೆ ಹೇಳಿದರು. ಅಲ್ಲಿಂದ ಶುರುವಾಯಿತು ನೋಡಿ! ಪ್ರತಿಯೊಬ್ಬರಿಗೂ ಪ್ರಶ್ನೆ, ಪ್ರಶ್ನೆಯ ಮೇಲೆ ಪ್ರಶ್ನೆ. ಒಂದು ಗಂಟೆಯಲ್ಲಿ ಮುಗಿಯಬೇಕಾದ ಸಮಾರಂಭ ನಾಲ್ಕು ಗಂಟೆ ನಡೆಯಿತು, ಚಹಾ ಮೂರು ಸಲ ತಣ್ಣಗಾಯಿತು.

ಮಾರನೆಯ ದಿನ ಮೇಡಂ ಕೈಗೆ ಮೆಮೊ ಬಂತು, ಯಾರ ಅನುಮತಿಯಿಂದ ಪದ್ಧತಿ ಬದಲಿಸಿದಿರಿ ಎಂದು. ಅವರು ಉತ್ತರ ಬರೆಯುವಷ್ಟರಲ್ಲಿ ಡಿಪೋದ ಯಜಮಾನರ ಪತ್ರ ಬಂತು: ಮುಂದಿನ ವರ್ಷ ಇನ್ನೂ ಇಬ್ಬರಿಗೆ ಕೊಡುತ್ತೇನೆ, ಆದರೆ ಪ್ರಶ್ನೆ ಕೇಳಲು ಸಮಯವಿರಬೇಕು. ಮೆಮೊ ಎಲ್ಲಿ ಹೋಯಿತೋ ಇಂದಿಗೂ ತಿಳಿಯದು. ಅಂದಿನಿಂದ ವೇತನ ಪಡೆದವರು ವರ್ಷದ ಮೊದಲ ತಿಂಗಳಿಂದಲೇ, ಮೈಕಮ್ಮನಿಗೆ ಏನು ಹೇಳೋಣ ಎಂದು ಚಡಪಡಿಸತೊಡಗಿದರು. ಆ ಚಡಪಡಿಕೆಯಿಂದಲೇ ಎಷ್ಟೋ ಮಂದಿ ನಿಜವಾಗಿ ಓದಲು ಕಲಿತರು. ಸಸ್ಯಶಾಸ್ತ್ರದ ಆ ಹುಡುಗಿ ಇಂದು ಅದೇ ವಿಭಾಗದ ಪ್ರಾಧ್ಯಾಪಕಿ.

ಇಷ್ಟನ್ನು ಅಚ್ಚು ಹಾಕಬಹುದೇ ಎಂದು ಕೇಳಲು, ಅಂಗಡಿ ಬಿಟ್ಟು ವಿಶ್ರಾಂತಿಯಲ್ಲಿರುವ ಅವರ ತಂದೆಯ ಮನೆಗೆ ಹೋಗಬೇಕಾಯಿತು. ಮಗಳೂ ಜೊತೆಗಿದ್ದರು. ಹಿರಿಯರು ನಕ್ಕು ಒಪ್ಪಿದರು. ಆಮೇಲೆ ಮಗಳಿಗೂ ಅಂದಿನವರೆಗೆ ಗೊತ್ತಿರದ ಮಾತೊಂದನ್ನು ಹೇಳಿದರು.

"ಅಲ್ಲಿ ಏನು ಓದ್ತಾರೆ ಅಂತ ನನಗೆ ಗೊತ್ತಿತ್ತು. ನನ್ನ ಗಿರಾಕಿಗಳೇ ಹೇಳಿದ್ರು. ಓದ್ಲಿ, ಇವಳ ಓದು ನಿಲ್ಲಬಾರದು, ನಾಳೆಯಿಂದ ಅಂಗಡಿ ಮುಚ್ಚಿದ್ರಾಯ್ತು ಅಂತ ತೀರ್ಮಾನ ಮಾಡ್ಕೊಂಡೇ ಬಂದು ಕೂತಿದ್ದೆ. ಆಯಮ್ಮ ಓದ್ಲಿಲ್ಲ. ಮಾರನೇ ದಿನ ಎಂದಿನ ಹೊತ್ತಿಗೇ ಬಾಗಿಲು ತೆಗೆದೆ. ಆಮೇಲೆ ಹನ್ನೆರಡು ವರ್ಷ ತೆಗೆದೆ."

ನಿವೃತ್ತಿಯ ನಂತರವೂ ವರ್ಷಕ್ಕೊಮ್ಮೆ ಮೈಕು ಹಿಡಿಯಲು ಮೇಡಂ ಒಪ್ಪಿದ್ದಾರೆ. ಅವರ ಕಂಠವೂ ಆರೋಗ್ಯವೂ ಗಟ್ಟಿಯಾಗಿರಲಿ ಎಂಬುದು ಕಚೇರಿಯ ಎಲ್ಲರ ಹಾರೈಕೆ. ಹಿರಿಯರ ಹಾರೈಕೆಯನ್ನು ಅವರು ಹೇಳಿದಂತೆಯೇ ಇಲ್ಲಿ ಒಪ್ಪಿಸುತ್ತಿದ್ದೇವೆ: "ಆ ಹನ್ನೆರಡೂ ವರ್ಷ ಆಯಮ್ಮನ ಆಯಸ್ಸಿಗೆ ಸೇರ್ಲಿ."