ಅಣ್ಣ ಬಾದಶಹ, ನಾನು ಅಮೀರ

ಆ ವರ್ಷ ಅಣ್ಣ ತನ್ನ ಮಗಳನ್ನು ಹಾನಗಲ್ಲಿನ ಒಂದು ಮನೆತನಕ್ಕೆ ಕೊಡುವುದೆಂದು ಮಾತು ಮುಗಿಸಿ ಬಂದಿದ್ದ. ನನಗೆ ಸುದ್ದಿ ತಿಳಿದದ್ದು ಮಾಸೂರಿನ ಚಹಾದಂಗಡಿಯಲ್ಲಿ. ನಾನು ಎತ್ತಿ ಆಡಿಸಿದ ಹುಡುಗಿ, ಈಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ನನ್ನನ್ನೊಂದು ಮಾತು ಕೇಳಲಿಲ್ಲವಲ್ಲ ಎಂದು ಅವನ ಜೊತೆ ಮಾತು ಬಿಟ್ಟೆ. ಗೋಡೆಗೆ ಗೋಡೆ ಹತ್ತಿದ ಮನೆಗಳು. ಅವನ ಕೆಮ್ಮು ಕೇಳಿದರೂ ಮೈ ಉರಿಯುತ್ತಿತ್ತು.

ಅಂಥದರಲ್ಲಿ ನಮ್ಮೂರ ನಾಟಕ ತಂಡ ಶಿಗ್ಗಾಂವಿಯ ಸ್ಪರ್ಧೆಗೆ ಹೊರಟಿತು. ನಾಟಕ ಬರೆದವರು ಸವಣೂರಿನ ನಿವೃತ್ತ ಇತಿಹಾಸ ಮಾಸ್ತರರು. ಮೊಗಲ್ ದರಬಾರಿನ ಒಬ್ಬ ದೊಡ್ಡ ಅಮೀರನ, ಅಂದರೆ ಸರದಾರನ, ಕತೆ. ಅಣ್ಣನಿಗೆ ಬಾದಶಹನ ಪಾತ್ರ ಕೊಟ್ಟರು, ನನಗೆ ಅಮೀರನದು. ಒಲ್ಲೆ ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಸಾವಿರಾರು ಕುದುರೆ ಸವಾರರ ಒಡೆಯ, ಆನೆ, ಹವೇಲಿ ಎಂದೆಲ್ಲ ಕೇಳಿ ಹಿಗ್ಗಿದ್ದೆ. ತಾಲೀಮಿಗೆ ಹೋದರೆ ಉದ್ದಕ್ಕೂ ಕೈಕಟ್ಟಿ ನಿಂತಿರುವುದೇ ಕೆಲಸ.

"ಇಷ್ಟು ದೊಡ್ಡ ಮನಷ್ಯಾ, ಕುಂದ್ರಾಕ ಅವಗೊಂದು ಗಾದಿ ಇಲ್ಲೇನ್ರಿ ಸರ?"

"ಬಾದಶಹನ ಮುಂದ ಅಮೀರರು ಕುಂದ್ರೂಹಂಗಿಲ್ಲಪಾ," ಅಂದರು ಮಾಸ್ತರರು. "ಇವತ್ತ ದಖ್ಖನ್ನಿನಾಗ ಜಹಗೀರು ಕೊಡ್ತಾನ, ನಾಳೆ ಕಿತ್ತು ಕಾಬೂಲಕ್ಕ ಕಳಸ್ತಾನ. ಅಮೀರ ಸತ್ತರ ಅವನ ಮನಿಗೆ ಮೊಹರು ಬೀಳತೈತಿ, ಆಸ್ತಿ ಬಾದಶಹನ ಖಜಾನಿಗೆ ಹೋಗತೈತಿ. ಅದು ಎದಿಯೊಳಗ ಕುದಿಬೇಕು, ಮಾರಿ ಮ್ಯಾಲ ಕಾಣಬಾರದು."

ಕುದಿಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗದ್ದೆಗೆ ನೀರು ಬಿಟ್ಟು, ಮದಗದ ಕೆರೆಯ ಏರಿಯ ಮೇಲೆ ಅತ್ತಿಂದಿತ್ತ ತಿರುಗುತ್ತ ಮಾತು ಬಾಯಿಪಾಠ ಮಾಡುತ್ತಿದ್ದೆ. ಸಿಂಹಾಸನದ ಮೇಲಿರುವವನ ಮನಸ್ಸಿನಲ್ಲಿ ಏನಿದೆಯೋ ತಿಳಿಯದೆ ಜೀವಮಾನ ಕಳೆದ ಆ ಮನುಷ್ಯನಿಗೆ ನಿದ್ದೆಯಾದರೂ ಹೇಗೆ ಬರುತ್ತಿತ್ತೋ ಅನ್ನಿಸುತ್ತಿತ್ತು.

ಸ್ಪರ್ಧೆಗೆ ಮುಂಚೆ ಕೆಸರಿನಲ್ಲಿ ಜಾರಿ ಮೊಣಕಾಲು ಊದಿತು. ಯಾರಿಗೂ ಹೇಳಲಿಲ್ಲ. ರಂಗದ ಮೇಲೆ ದರಬಾರಿನ ದೃಶ್ಯ ಅರ್ಧ ಆಗುವಷ್ಟರಲ್ಲಿ ಕಾಲು ನಡುಗತೊಡಗಿತು. ಅಣ್ಣ ನೋಡಿದ. ಆಡುತ್ತಿದ್ದ ಮಾತು ನಿಲ್ಲಿಸಿದ.

"ಕುಂದ್ರು," ಅಂದ.

ಅದು ನಾಟಕದ ಮಾತಲ್ಲ. ದನಿಯೂ ಬಾದಶಹನದಲ್ಲ, ಹೊಲದಲ್ಲಿ ಬಿಸಿಲೇರಿದಾಗ ನನ್ನನ್ನು ನೆರಳಿಗೆ ಕರೆಯುತ್ತಿದ್ದ ದನಿ. ಪರದೆಯ ಮರೆಯಲ್ಲಿ ಮಾಸ್ತರರು ಹಣೆ ಬಡಿದುಕೊಂಡರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಕೇಳದ ಕೊಡೂದು, ಕೇಳದ ಕಸಗೊಳ್ಳೂದು ನಿಮಗ ರೂಢಿ, ಜಹಾಪನಾ. ನಾ ನಿಂತೇ ಇರ್ತೇನಿ," ಅಂದುಬಿಟ್ಟೆ.

ಜನ ಚಪ್ಪಾಳೆ ತಟ್ಟಿದರು. ಬಣ್ಣ ಬಳಿದಿದ್ದರೂ ಅಣ್ಣನ ಮುಖ ಸಣ್ಣದಾದದ್ದು ನನಗೆ ಕಂಡಿತು.

ಬಹುಮಾನ ಬರಲಿಲ್ಲ. ತಿರುಗಿ ಬರುವಾಗ ಟೆಂಪೊದಲ್ಲಿ ಅಣ್ಣ ಹೊರಗೆ ನೋಡುತ್ತಲೇ, "ಹಾನಗಲ್ಲಿನವರು ಸೋಮವಾರ ಮದಿವಿ ಮಾತಿಗೆ ಬರ್ತಾರ. ನೀನೂ ಇರಬೇಕು," ಅಂದ.

"ನೋಡೂಣು," ಅಂದೆ.

ಹೋದೆ. ಎಲ್ಲ ಮಾತನ್ನೂ ಅವನೇ ಆಡಿದ. ನಾನು ಚಹಾ ಕುಡಿದು, ಎದ್ದು ಹೋಗಲೇ, ಇರಲೇ ಎಂದು ಚಡಪಡಿಸುತ್ತಿದ್ದೆ. ಬೀಗರು ಮದುವೆಯ ತಾರೀಖು ಕೇಳಿದಾಗ ಮಾತ್ರ ಅಣ್ಣ ನನ್ನ ಕಡೆ ತಿರುಗಿದ.

"ಹುಡುಗಿ ಪರೀಕ್ಷಾ ಮುಗೀಲಿ," ಅಂದೆ.

"ಹಂಗ ಆಗಲಿ," ಅಂದ ಅಣ್ಣ.